ಕಸ್ತೂರೆಮ್ಮ ಬರೆದ ಕಳ್ಳನ ಮುಖ

ಕಸ್ತೂರೆಮ್ಮ ಮೊದಲ ಸಲ ಗಂಗಾವತಿಯ ಪ್ರಿಂಟಿಂಗ್ ಪ್ರೆಸ್ಸಿಗೆ ಬಂದು, ಎದುರು ಕುರ್ಚಿಯಲ್ಲಿ ಕೂತು, ಒಂದು ಕಣ್ಣು ಕಿರಿದು ಮಾಡಿ ತನ್ನನ್ನೇ ದಿಟ್ಟಿಸತೊಡಗಿದಾಗ ಗವಿಸಿದ್ದೇಶನಿಗೆ ಖಾತ್ರಿಯಾಯಿತು: ಈಕೆ ಹೆಣ್ಣಿನ ಕಡೆಯವಳು. ಅವ್ವ ಎಲ್ಲೋ ಮಾತು ಹಾಕಿರಬೇಕು. ಅವನು ಕ್ರಾಪು ಸರಿಮಾಡಿಕೊಂಡ, ಹೊಟ್ಟೆ ಒಳಗೆಳೆದುಕೊಂಡ, ಯಾರೂ ಕೇಳದಿದ್ದರೂ ತನ್ನದು ಡಿಸೈನರ್ ಹುದ್ದೆ ಎಂದು ಹೇಳಿಕೊಂಡ. ಹುಟ್ಟುಹಬ್ಬದ ಫ್ಲೆಕ್ಸುಗಳಲ್ಲಿ ಮರಿ ಲೀಡರುಗಳ ಮುಖ ಬೆಳ್ಳಗೆ ಮಾಡುವುದೇ ಆ ಹುದ್ದೆಯ ಮುಖ್ಯ ಕೆಲಸ ಎಂಬುದನ್ನು ಮಾತ್ರ ಬಾಯಿಬಿಡಲಿಲ್ಲ.

"ಸ್ವಲ್ಪ ಆ ಕಡಿ ತಿರುಗು, ತಮ್ಮಾ," ಎಂದಳು. ತಿರುಗಿದ.

"ಕಿವಿ ಭಾಳ ಮುಂದ ಬಂದಾವ."

"ಸಣ್ಣಂವಿದ್ದಾಗಿಂದ ಹಂಗ ಅದಾವ್ರಿ. ಆದ್ರ ಛಲೋ ಕೇಳಸ್ತಾವ್ರಿ," ಎಂದು ಗಾಬರಿಯಲ್ಲಿ ಸಮಜಾಯಿಷಿ ಕೊಟ್ಟ.

ಮುಂದಿನ ತಿಂಗಳು 'ಕಳ್ಳ ಹಿಡಿಯೋ ಕಲ್ಲಪ್ಪ' ಎಂಬ ಮಕ್ಕಳ ಚಿತ್ರಕತೆಯ ಮೊದಲ ಪುಸ್ತಕ ಅದೇ ಪ್ರೆಸ್ಸಿನಿಂದ ಹೊರಬಿತ್ತು. ಮುಖಪುಟದಲ್ಲಿ ಎಮ್ಮೆ ಕಳೆದುಕೊಂಡವನೊಬ್ಬ ಕೆಸರಿನಲ್ಲಿ ಕೂತು ಅಳುತ್ತಿದ್ದ. ಕಿವಿ, ಮೂಗು ಎಲ್ಲವೂ ಗವಿಸಿದ್ದೇಶನವೇ. ಅವನು ಅಷ್ಟು ಕಷ್ಟಪಟ್ಟು ಒಳಗೆಳೆದುಕೊಂಡಿದ್ದ ಹೊಟ್ಟೆಯನ್ನು ಆಕೆ ಹೊರಗೆಳೆದು ಬರೆದಿದ್ದಳು.

ಕಸ್ತೂರೆಮ್ಮ ಕಾರಟಗಿಯವಳು. ಐವತ್ತರ ಆಜುಬಾಜು ವಯಸ್ಸು. ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಂಡು, ಬಣ್ಣವನ್ನು ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಕಲಸಿಕೊಂಡು ಚಿತ್ರ ಬರೆಯುವವಳು. ಅಲ್ಲಿನ ರೈಸ್ ಮಿಲ್ಲುಗಳ ಅಕ್ಕಿಚೀಲಗಳಿಗೆ ಮೊದಲಿನಿಂದಲೂ ಗುರುತು ಬರೆದುಕೊಟ್ಟವಳು ಆಕೆಯೇ. ಗಿಳಿ, ಕಮಲ, ಜೋಡಿ ಎತ್ತು, ಫೋಟೋ ನೋಡಿ ಬರೆದ ಮಿಲ್ಲಿನ ಸಾಹುಕಾರರ ತೀರಿಹೋದ ತಂದೆ, ಅವರ ಒಂದು ವರ್ಷದ ಮೊಮ್ಮಗ. ಕಣ್ಣಿಗೆ ಕಾಣದ್ದನ್ನು ಬರೆಯುವ ರೂಢಿಯೇ ಆಕೆಗಿರಲಿಲ್ಲ. ಗಿಳಿ ಬರೆಯಬೇಕಾದರೂ ಯಾರದೋ ಮನೆಯ ಗಿಳಿಯ ಮುಂದೆ ಹೋಗಿ ಕೂರುತ್ತಿದ್ದಳು.

ಪುಸ್ತಕದ ಕತೆಯನ್ನು ಆಕೆ ಓದುತ್ತಿರಲಿಲ್ಲ. "ಇದರಾಗ ಯಾರು ಯಾರಿಗೆ ಅಂಜತಾರ? ಅಷ್ಟ ಹೇಳು," ಎನ್ನುತ್ತಿದ್ದಳು. ಅಷ್ಟು ಹೇಳಿದರೆ ಮುಖಪುಟ ತಯಾರು. 'ಕಲ್ಲಪ್ಪ' ಎಂಬ ಹೆಸರಿನ ಲೋಗೋ ಕೂಡ ಆಕೆಯದೇ. ಒಂದೊಂದು ಅಕ್ಷರವೂ ಬೆಟ್ಟದ ಬಂಡೆಗಲ್ಲು, ಒಂದರ ಮೇಲೊಂದು ಪೇರಿಸಿದಂತೆ. ತುದಿಯ ಬಂಡೆ ಈಗ ಉರುಳಿತೋ ಆಗ ಉರುಳಿತೋ. ಅದಕ್ಕೂ ಮೊದಲು ಗವಿಸಿದ್ದೇಶ ಕಂಪ್ಯೂಟರಿನಲ್ಲಿ ಒಂದು ಲೋಗೋ ಮಾಡಿದ್ದ. ಅದನ್ನು ನೋಡಿದವರು, "ಯಾವ ಸಿಮೆಂಟ್ ಕಂಪನೀದಪಾ?" ಎಂದು ಕೇಳಿದ್ದರು.

ಜಗಳಕ್ಕೆ ಕಾರಣವಾದದ್ದು ಹೆಸರು. ಕಸ್ತೂರೆಮ್ಮ ಪ್ರತಿ ಚಿತ್ರದ ಮೂಲೆಯಲ್ಲಿ ಸಣ್ಣದಾಗಿ 'ಕಸ್ತೂರೆಮ್ಮ, ಕಾರಟಗಿ' ಎಂದು ಬರೆಯುತ್ತಿದ್ದಳು. ಪ್ರೆಸ್ಸಿನ ಮಾಲೀಕ ಕೊಟ್ರಬಸಪ್ಪ ಅದನ್ನು ತೆಗೆಸುತ್ತಿದ್ದ. ದಪ್ಪ ಮೀಸೆ, ಹಣೆ ತುಂಬ ವಿಭೂತಿ, ಮಿಲ್ಲುಗಳಿಗೆ ಚೀಲ ಛಾಪಿಸಿಯೇ ಮೇಲೆ ಬಂದ ಮನುಷ್ಯ ಅವನು. "ಲೇ ಗವಿ, ಚೀಲದ ಮ್ಯಾಲೆ ಚಿತ್ರ ಬರದವರ ಹೆಸರು ಯಾರರ ಹಾಕ್ತಾರೇನಲೇ? ಇದೂ ಹಂಗ. ತಗಿ ಅದನ್ನ."

ಗವಿಸಿದ್ದೇಶ ತೆಗೆಯುತ್ತಿದ್ದ. ಮೊದಲ ಪುಸ್ತಕದಲ್ಲಿ ಹೆಸರಿನ ಮೇಲೆ ಹುಲ್ಲು ಬೆಳೆಸಿದ. ಎರಡನೆಯದರಲ್ಲಿ ಆಕೆ ಹೆಸರನ್ನು ಬಂಡೆಯ ಮೇಲೆ ಬರೆದಳು. ಬಂಡೆಗೆ ಪಾಚಿ ಹಿಡಿಸಿದ. ಮೂರನೆಯದರಲ್ಲಿ ಎಮ್ಮೆಯ ಕೋಡಿನ ಮೇಲೆ ಬರೆದಳು; ಒಂದೇ ಕೋಡಿನ ಎಮ್ಮೆ ಅಚ್ಚಾಯಿತು. ಅವನ ವೃತ್ತಿಜೀವನದಲ್ಲೇ ಅಷ್ಟು ನಾಜೂಕಿನ ಡಿಸೈನಿಂಗನ್ನು ಅವನು ಬೇರೆಲ್ಲೂ ಮಾಡಿರಲಿಲ್ಲ.

"ಹೆಸರು ಎಲ್ಲಿ ಹೋತು, ತಮ್ಮಾ?"

"ಅಂಚಿನ ಕಟಿಂಗ್‌ನಾಗ ಹೋಗಿರಬೇಕ್ರಿ, ಅಕ್ಕಾರ."

"ಎಮ್ಮಿ ನಡುವ ನಿಂತೈತಿ. ಕೋಡು ಹ್ಯಾಂಗ ಕಟಿಂಗ್‌ನಾಗ ಹೋತು?"

ಅವನು ಕಂಪ್ಯೂಟರಿನ ಕಡೆ ತಿರುಗಿ, ಬಹಳ ಅರ್ಜೆಂಟಿದ್ದವನಂತೆ ಖಾಲಿ ಪುಟವೊಂದನ್ನು ತೆರೆದ. ಕಸ್ತೂರೆಮ್ಮ ಬೈಯಲಿಲ್ಲ. ಧಾರವಾಡದಲ್ಲಿ ಮಕ್ಕಳ ಪುಸ್ತಕ ತರುವವರು ಆಕೆಯನ್ನು ಕೆಲಸಕ್ಕೆ ಕರೆದಿದ್ದರು. ಹೆಸರು ಅಚ್ಚಾದ ಒಂದಾದರೂ ಮುಖಪುಟ ತಂದು ತೋರಿಸಬೇಕೆಂದಿದ್ದರು. "ನಾನ ಬರದೀನಿ ಅಂದ್ರ, ಹಂಗ ಎಲ್ಲಾರೂ ಅಂತಾರ ಅಂದ್ರಪಾ," ಎಂದಷ್ಟೇ ಹೇಳಿ ಒಂದು ಕಣ್ಣು ಕಿರಿದು ಮಾಡಿದಳು. ಗವಿಸಿದ್ದೇಶ ಕಿವಿ ಮುಚ್ಚಿಕೊಳ್ಳಲೋ ಹೊಟ್ಟೆ ಮುಚ್ಚಿಕೊಳ್ಳಲೋ ತಿಳಿಯದೆ ಕೂತ.

ನಾಲ್ಕನೆಯ ಪುಸ್ತಕಕ್ಕೆ ಆಕೆ ಹೆಸರೇ ಬರೆಯದೆ ಚಿತ್ರ ತಂದಳು. ಅನುಮಾನ ಪಡಬೇಕಾದದ್ದು ಆಗಲೇ. ಗವಿಸಿದ್ದೇಶ ಮಾತ್ರ ಒಂದು ಕೆಲಸ ಕಮ್ಮಿಯಾಯಿತೆಂದು ಖುಷಿಪಟ್ಟ. ಚಿತ್ರದಲ್ಲಿ ಗೋದಾಮಿನ ಬಾಗಿಲಿಂದ ಇಣುಕುವ ಒಬ್ಬ ಕಳ್ಳ. ಮೀಸೆಯಿಲ್ಲ, ಹಣೆಯಲ್ಲಿ ವಿಭೂತಿಯಿಲ್ಲ. ನೋಟ ಮಾತ್ರ ಹೇಗಿತ್ತೆಂದರೆ, ನೋಡಿದವರ ಕೈ ತಾನಾಗಿ ಜೇಬಿಗೆ ಹೋಗಬೇಕು. ಉತ್ಸಾಹ ಬಂದು ಅವನು ಆ ಮುಖವನ್ನೊಂದೇ ದೊಡ್ಡದು ಮಾಡಿ, ಕೆಳಗೆ 'ಇವನನ್ನು ಕಂಡಿರಾ?' ಎಂದು ಹಾಕಿ ಜಾಹೀರಾತಿನ ಪೋಸ್ಟರ್ ಮಾಡಿದ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಹನುಮನಹಳ್ಳಿಯ ಅಂಗಡಿಸಾಲು, ಎಲ್ಲ ಕಡೆಯೂ ಹಚ್ಚಿಸಿದ. ಪಾಪ, ಪೋಸ್ಟರಿನ ಮೂಲೆಯಲ್ಲಿ ತನ್ನ ಹೆಸರನ್ನೂ ಹಾಕಿಕೊಂಡ.

ಮೊದಲ ಫೋನು ಹನುಮನಹಳ್ಳಿಯಿಂದ ಬಂತು. ಅಲ್ಲಿ ಆಟದ ಸಾಮಾನು, ಪುಸ್ತಕ ಮಾರುವ ಮೈಮುನಬಿ ಕೊಟ್ರಬಸಪ್ಪನಿಗೇ ಮಾಡಿದ್ದಳು. "ಸಾವ್ಕಾರ್ರ, ನಿಮ್ಮ ಫೋಟೋ ಭಾಳ ಛಂದ ಬಂದೈತ್ರಿ. ಮೀಸಿ ಯಾವಾಗ ತಗಸಿದ್ರಿ?"

ಆಕೆಯದೇನೂ ತಪ್ಪಿಲ್ಲ. ಈ ಸೀಮೆಯಲ್ಲಿ ಅಕ್ಕಿಚೀಲದ ಮೇಲೆ ಮುಖವಿದ್ದರೆ ಅದು ಸಾಹುಕಾರರದ್ದೋ ಅವರ ಮನೆಯವರದ್ದೋ ಎಂಬುದು ಕೂಸಿಗೂ ಗೊತ್ತು. ಪೋಸ್ಟರನ್ನೂ ಜನ ಚೀಲದಂತೆಯೇ ಓದಿದರು. ಕುಷ್ಟಗಿಯಿಂದ ಅಭಿನಂದನೆ ಬಂತು. ಯಲಬುರ್ಗಾದ ಬೀಗರು, ಎಲೆಕ್ಷನ್‌ಗೆ ನಿಲ್ಲುತ್ತೀರೇನೆಂದು ಕೇಳಿದರು.

ಕೊಟ್ರಬಸಪ್ಪ ಕನ್ನಡಿಯ ಮುಂದೆ ನಿಂತು, ಮೀಸೆಯನ್ನು ಬೆರಳಿನಿಂದ ಮುಚ್ಚಿ, ಪೋಸ್ಟರನ್ನು ಪಕ್ಕಕ್ಕೆ ಹಿಡಿದು ನೋಡಿದ. ಆಮೇಲೆ ಗವಿಸಿದ್ದೇಶನನ್ನು ನೋಡಿದ.

"ಕಂಪ್ಯೂಟರ್‌ನಾಗ ನೀ ಏನರ ಕೈ ಆಡಿಸಿದೇನಲೇ?"

"ಇಲ್ರಿ, ಸಾವ್ಕಾರ್ರ! ನಾ ಬರೇ ದೊಡ್ಡದು ಮಾಡೀನ್ರಿ."

"ನಾಳಿ ಆಕೀನ ಕರಿ. ನನ್ನ ಮುಖ ಹೌದಂದ್ಲಂದ್ರ ಆಕೀ ಕೆಲಸ ಮುಗೀತು. ಇನ್ನ ಮ್ಯಾಲೆ ಹೇಳಿದ ಚಿತ್ರ ತಾನ ಬರಿಯೋ ಆ ಕಂಪ್ಯೂಟರ್ ಸಾಫ್ಟ್‌ವೇರ್ ಐತಲ್ಲ, ಅದರಾಗ ನೀನ ಕವರ್ ಮಾಡು."

ಗವಿಸಿದ್ದೇಶನ ಮನಸ್ಸು ಎರಡಾಯಿತು. ಆಕೆ ಹೌದೆಂದರೆ ಮುಖಪುಟದ ಕೆಲಸ ತನಗೆ; ಹೆಸರು ಹಾಕಿಕೊಂಡರೆ ಅಳಿಸುವವರೂ ಇಲ್ಲ. ಆದರೆ ಆ ಸಿಮೆಂಟಿನ ಲೋಗೋ ನೆನಪಾಗಿ ಬೆವರಿದ. ಮರುದಿನ ಕಸ್ತೂರೆಮ್ಮ ಬಂದಾಗ ಬಾಗಿಲಲ್ಲೇ ತಡೆದು ಪಿಸುಗುಟ್ಟಿದ: "ಅಕ್ಕಾರ, ಅಲ್ಲ ಅಂದುಬಿಡ್ರಿ. ಯಾರರ ದೂರದೂರಿನವರ ಮುಖ ಅನ್ರಿ. ಮುಂದಿನದಕ್ಕ ನಾ ನಿಮ್ಮ ಹೆಸರು ಹ್ಯಾಂಗರ ಉಳಸ್ತೀನಿ."

"ಉಳಸ್ತೀ?" ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಯಾವ ಕೋಡಿನ ಮ್ಯಾಲೆ?"

ಒಳಗೆ ಕೊಟ್ರಬಸಪ್ಪ ಪೋಸ್ಟರನ್ನು ಮೇಜಿನ ಮೇಲೆ ಹರಡಿ ಕೂತಿದ್ದ. ಕೂರಲೂ ಹೇಳಲಿಲ್ಲ. "ಕಸ್ತೂರೆಮ್ಮಾ, ಸುತ್ತಿಬಳಸಿ ಮಾತಾಡೋದು ಬ್ಯಾಡ. ಈ ಕಳ್ಳನ ಮುಖ ನಂದು ಹೌದೋ ಅಲ್ಲೋ?"

ಗವಿಸಿದ್ದೇಶ ಮಾಲೀಕನ ಬೆನ್ನ ಹಿಂದೆ ನಿಂತು ಅಲ್ಲ, ಅಲ್ಲ ಎಂದು ತಲೆಯಾಡಿಸುತ್ತಿದ್ದ. ಕಸ್ತೂರೆಮ್ಮ ಇಬ್ಬರನ್ನೂ ನೋಡಿದಳು, ಕಣ್ಣು ಕಿರಿದು ಮಾಡದೆ.

"ಹೌದ್ರಿ, ನಿಮ್ದ. ನನ್ನ ಹೆಸರು ಕದ್ದವರು ಇಲ್ಲಿ ಇಬ್ಬರು ಅದೀರಿ. ಇವನ ಮುಖದಾಗ ಅಂಜಿಕಿ ಇತ್ತು. ಕಳ್ಳಂದು ಅಂದ್ರ ಯಾರೂ ನಂಬತಿದ್ದಿಲ್ಲ."