ಬಾಯಮ್ಮ ಏರಿಸಿದ ಪಟ

ಮೊನ್ನೆ ಮಗಳ ಮದುವೆಯ ಫೋಟೋಕ್ಕೆ ಕಟ್ಟು ಹಾಕಿಸಲು ಉಡುಪಿಯ ಅಂಗಡಿಯೊಂದಕ್ಕೆ ಹೋಗಿದ್ದೆ. ಈಗ ಚೌಕಟ್ಟುಗಳೆಲ್ಲ ಪ್ಲಾಸ್ಟಿಕ್ಕಿನವು, ಹಿಂಬದಿಗೆ ಅಂಟುವ ಟೇಪು. ಆದರೆ ಆ ಅಂಗಡಿಯ ಒಳಗೆ ಹಿರಿಯರೊಬ್ಬರು ಹಳೆಯ ಕ್ರಮದಲ್ಲೇ ಮೈದಾ ಅಂಟು ಕಾಯಿಸುತ್ತಿದ್ದರು. ಹುಳ ಹಿಡಿಯದಿರಲಿ ಎಂದು ಅದಕ್ಕೆ ಚೂರು ಮೈಲುತುತ್ತು ಹಾಕುತ್ತಾರೆ. ಬೆಂದ ಮೈದಾ, ಮೈಲುತುತ್ತು, ಆಗಷ್ಟೇ ಕೊಯ್ದ ಮರದ ಹುಡಿ... ಆ ವಾಸನೆ ಮೂಗಿಗೆ ಬಂದಾಗ ಅಂಗಡಿಯವರು ಕೇಳಿದ ಅಳತೆಯೇ ನನಗೆ ಮರೆತುಹೋಯಿತು. ನೆನಪಾದದ್ದು ಉದ್ಯಾವರದ ಬಾಯಮ್ಮ.

ನಮ್ಮ ಕಡೆ ಕೆಥೋಲಿಕ್ ಗಂಡಸರನ್ನು ಪೊರ್ಬುಗಳು ಎಂದೂ ಹಿರಿಯ ಹೆಂಗಸರನ್ನು ಬಾಯಿ, ಬಾಯಮ್ಮ ಎಂದೂ ಕರೆಯುತ್ತಾರೆ. ಉದ್ಯಾವರದಲ್ಲಿ ಬಾಯಮ್ಮಂದಿರು ಬೇಕಾದಷ್ಟು ಜನ ಇದ್ದರು. ಆದರೂ ಬಸ್ಸಿಳಿದು ಬಾಯಮ್ಮನ ಮನೆ ಎಲ್ಲಿ ಎಂದರೆ ಜನ ತೋರಿಸುತ್ತಿದ್ದದ್ದು ಹೆದ್ದಾರಿಯ ಅಂಚಿನ ಆ ಹೆಂಚಿನ ಮನೆಯನ್ನೇ. ಆಕೆ ಮದುವೆಯಾಗಿರಲಿಲ್ಲ. ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದು, ನಿವೃತ್ತಿಗೆ ಸ್ವಲ್ಪ ಮೊದಲು ಆ ಮನೆ ಕಟ್ಟಿಸಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಪಕ್ಕದ ಬಾಡಿಗೆ ಮನೆಗೆ ಬಂದೆ. ಮಣಿಪಾಲದ ಪತ್ರಿಕಾ ಕಚೇರಿಯೊಂದರಲ್ಲಿ ಉಪಸಂಪಾದಕನಾಗಿದ್ದೆ. ಆಕೆ ನನ್ನನ್ನು ‘ಪೇಪರಿನವರೇ’ ಎಂದೇ ಕರೆಯುತ್ತಿದ್ದರು. ಬಾವಿ ಎರಡೂ ಮನೆಗೆ ಒಂದೇ ಆಗಿತ್ತು. ಹಾಗಾಗಿ ದಿನದ ಮಾತು ಬಾವಿಕಟ್ಟೆಯಲ್ಲೇ ಶುರುವಾಗುತ್ತಿತ್ತು.

ಮನೆ ಹೊಸದು, ಗೋಡೆಗೆ ಸುಣ್ಣ ಹೊಡೆದಾಗಿತ್ತು. ಚಾವಡಿಯಲ್ಲಿ ಬಾಗಿಲಿಗೆ ಎದುರಾದ ಗೋಡೆ ಮಾತ್ರ ಖಾಲಿ ಇತ್ತು. ಕೆಥೋಲಿಕರ ಮನೆಯಲ್ಲಿ ಆ ಜಾಗ ಯೇಸುವಿನ ಪವಿತ್ರ ಹೃದಯದ ಪಟಕ್ಕೆ ಮೀಸಲು. ಪಟದ ಕೆಳಗೊಂದು ಹಲಗೆ, ಹಲಗೆಯ ಮೇಲೆ ಸಣ್ಣ ಕೆಂಪು ಬಲ್ಬು. ರಸ್ತೆಯಲ್ಲಿ ಹೋಗುವವರಿಗೂ ಕಾಣಬೇಕು. ಆ ಪಟವನ್ನು ಏರಿಸುವುದಕ್ಕೆ ಒಂದು ಕ್ರಮವಿದೆ ಎಂಬುದು ನನಗೆ ತಿಳಿದದ್ದು ಆಗಲೇ. ಪಾದ್ರಿಗಳು ಮನೆಗೆ ಬಂದು ತೀರ್ಥ ಚಿಮುಕಿಸಿ ಪಟವನ್ನು ಆಶೀರ್ವದಿಸುತ್ತಾರೆ. ಮನೆಯ ಹಿರಿಯ ತನ್ನ ಕೈಯಿಂದಲೇ ಅದನ್ನು ಗೋಡೆಗೆ ಏರಿಸುತ್ತಾನೆ. ಪಟ ಏರಿಸಿದವನು ಆ ಮನೆಯ ಯಜಮಾನ ಎಂದು ಊರು ಒಪ್ಪಿಕೊಳ್ಳುತ್ತದೆ. ಅದಕ್ಕೆ ಬೇರೆ ಸಾಕ್ಷಿ ಬೇಡ.

ಪಟ ಆರಿಸಲು ಬಾಯಮ್ಮ ಉಡುಪಿಗೆ ಹೊರಟಾಗ, ಕಚೇರಿಗೆ ಹೋಗುವ ದಾರಿಯಲ್ಲಿ ನಾನೂ ಜೊತೆಗಿದ್ದೆ. ಅಂಗಡಿಯ ಗೋಡೆ ತುಂಬ ಕೃಷ್ಣ, ಲಕ್ಷ್ಮಿ, ವೆಂಕಟರಮಣ. ಯೇಸುವಿನ ಪಟಗಳು ಕೆಳಗಿನ ಅರೆಯಲ್ಲಿ ಸುರುಳಿ ಸುತ್ತಿದ್ದವು. ಅಂಗಡಿಯವರು ಒಂದೊಂದನ್ನೇ ಮೇಜಿನ ಮೇಲೆ ಬಿಡಿಸಿದರು. ಎಲ್ಲವೂ ಗುಲಾಬಿ ಕೆನ್ನೆ, ಜೇನುಬಣ್ಣದ ಕೂದಲು.

“ಇವರು ಬಿಸಿಲು ಕಂಡವರಲ್ಲ,” ಎಂದರು ಬಾಯಮ್ಮ. ಮುಂದಿನದನ್ನು ನೋಡಿ, “ಹೃದಯ ನಡುವಿನಲ್ಲಿ ಬಿಡಿಸಿದ್ದಾರೆ. ನಮ್ಮ ಆಸ್ಪತ್ರೆಯಲ್ಲಾದರೆ ಡಾಕ್ಟ್ರು ಇವರನ್ನು ಮನೆಗೆ ಕಳಿಸ್ತಿರ್ಲಿಲ್ಲ.”

ಅಂಗಡಿಯವರು ನಕ್ಕು, ತಳದಲ್ಲಿದ್ದ ಒಂದನ್ನು ತೆಗೆದರು. ಅಚ್ಚಿನಲ್ಲಿ ಶಾಯಿ ಹೆಚ್ಚಾಗಿ ಕಪ್ಪಿಟ್ಟಿದೆ, ಯಾರೂ ಒಯ್ಯುವುದಿಲ್ಲ ಎಂದರು. ಬಾಯಮ್ಮ ಮುಖವನ್ನು ಹೆಚ್ಚು ನೋಡಲಿಲ್ಲ. ಕನ್ನಡಕ ಸರಿಮಾಡಿಕೊಂಡು ಕೈಗಳನ್ನು ನೋಡಿದರು. ಗೆಣ್ಣುಗಳು ದಪ್ಪ, ಬೆರಳು ಗಿಡ್ಡ.

“ಇದು ಕೆಲಸದ ಕೈ. ಇದಕ್ಕೆ ಕಟ್ಟು ಹಾಕಿ.”

ವಾರ ಕಳೆದು ನಾವಿಬ್ಬರೂ ತರಲು ಹೋದಾಗ ಒಂದು ಸಂಗತಿ ನಡೆಯಿತು. ದೇವರ ಪಟವನ್ನು ಬರಿದಾಗಿ ಕೊಡಬಾರದು ಎಂಬುದು ಆ ಅಂಗಡಿಯ ಪದ್ಧತಿ. ಕೊಡುವ ಮೊದಲು ಗಾಜಿನ ಮೇಲೆ ಗಂಧದ ಬೊಟ್ಟಿಟ್ಟು, ಅದರ ಮೇಲೆ ಕುಂಕುಮ ಇಟ್ಟು, ಕೈಮುಗಿದು ಕೊಡುತ್ತಿದ್ದರು. ಯೋಚಿಸದೆ ಇದಕ್ಕೂ ಇಟ್ಟುಬಿಟ್ಟರು. ಇಟ್ಟ ಮೇಲೆ ಪಟ ನೋಡಿದರು, ಬಾಯಮ್ಮನನ್ನು ನೋಡಿದರು, ಒರೆಸುವ ಬಟ್ಟೆ ಹುಡುಕತೊಡಗಿದರು.

“ಅಭ್ಯಾಸ ಬಾಯಮ್ಮ. ತಪ್ಪು ತಿಳ್ಕೊಬೇಡಿ.”

“ಇರಲಿ ಬಿಡಿ. ಭಕ್ತಿಯಿಂದ ಇಟ್ಟದ್ದಲ್ವಾ.”

ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಕಂಡಕ್ಟರ್ ಪಟಕ್ಕೆ ಸುತ್ತಿದ್ದ ಕಾಗದದ ಸಂದಿಯಲ್ಲಿ ಕುಂಕುಮ ಕಂಡು, “ಯಾರಾದ್ರೂ ಏಳಿ ಮಾರಾಯ್ರೆ, ದೇವರು ಉಂಟು,” ಎಂದ. ಮುಂದಿನ ಸೀಟಿನ ಇಬ್ಬರು ಎದ್ದರು. ಯಾವ ದೇವರು ಎಂದು ಯಾರೂ ಕೇಳಲಿಲ್ಲ. ಬಾಯಮ್ಮ ಕೂತು, ಪಟವನ್ನು ಪಕ್ಕದಲ್ಲಿ ಕೂರಿಸಿ, ಉದ್ಯಾವರದವರೆಗೂ ನಗು ತಡೆದುಕೊಂಡಿದ್ದರು.

ಮರುದಿನ ನಾನು ಬಾಯಮ್ಮನ ಚಾವಡಿಯಲ್ಲಿ ಕೂತಿದ್ದಾಗ ಗುರಿಕಾರರು ಬಂದರು. ಇಗರ್ಜಿಯ, ಅಂದರೆ ಚರ್ಚಿನ, ವ್ಯಾಪ್ತಿಯ ಮನೆಗಳನ್ನು ವಾಳೆಗಳಾಗಿ ಹಂಚಿರುತ್ತಾರೆ. ಒಂದೊಂದು ವಾಳೆಯ ಹಿರಿಯನೇ ಗುರಿಕಾರ. ಅವರ ಜೊತೆ ಬಾಯಮ್ಮನ ತಮ್ಮನೂ ಇದ್ದರು, ಕಾರ್ಕಳದಿಂದ ಬಂದವರು. ಮಾತು ಕೊಂಕಣಿಯಲ್ಲಿ ನಡೆಯಿತು. ಕಟಪಾಡಿಯಲ್ಲಿ ಬೆಳೆದ ನನಗೆ ಕೊಂಕಣಿ ತಿಳಿಯುತ್ತಿತ್ತು. ನಾನು ಏಳಲು ಹೊರಟರೆ ಬಾಯಮ್ಮ ಕೈಸನ್ನೆಯಲ್ಲೇ ಕೂರಿಸಿದರು.

“ಪಾದ್ರಿಗಳು ಬರ್ತಾರೆ ಬಾಯಿ, ಅದಕ್ಕೆ ತೊಂದರೆ ಇಲ್ಲ,” ಎಂದರು ಗುರಿಕಾರರು. “ಏರಿಸ್ಲಿಕ್ಕೆ ಮನೆಯ ಗಂಡಸು ಬೇಕು. ತಮ್ಮ ಬಂದಿದ್ದಾನಲ್ಲ.”

“ಅವನು ಈ ಮನೆಯವನಲ್ಲ.”

ತಮ್ಮ ಮೆಲ್ಲಗೆ ಹೇಳಿದರು, “ಅಕ್ಕ, ಒಂದು ಪಟಕ್ಕೆ ಇಷ್ಟು ಹಟವಾ?”

“ಬರೀ ಪಟ ಆಗಿದ್ರೆ ನೀನು ಎರಡು ಬಸ್ಸು ಹತ್ತಿ ಯಾಕೆ ಬಂದೆ?”

ಗುರಿಕಾರರ ದೃಷ್ಟಿ ಗೋಡೆಗೆ ಒರಗಿಸಿದ್ದ ಪಟದ ಮೇಲೆ ಬಿತ್ತು. ಕುಂಕುಮ ಕಂಡಿತು. ಇದೆಂತ, ಒರೆಸಿ, ಎಂದರು.

“ಪಾದ್ರಿಗಳು ಬಂದು ತೀರ್ಥ ಹಾಕಲಿ, ಅದು ತಾನೇ ಹೋಗ್ತದೆ. ನೀವು ಅವರನ್ನು ಕರ್ಕೊಂಡು ಬರುವವರೆಗೆ ಇದಕ್ಕೆ ಸಿಕ್ಕಿದ ಆಶೀರ್ವಾದ ಅದೊಂದೇ. ಅದನ್ನು ನಾನು ಒರೆಸುವುದಿಲ್ಲ.”

ಅವರು ಹೋದ ಮೇಲೆ ಬಾಯಮ್ಮ ನನಗೆ ತುಳುವಿನಲ್ಲಿ ವಿವರಿಸಿದರು. ತಂದೆ ತೀರಿದ ಮೇಲೆ ಕಾರ್ಕಳದ ಮನೆಗೆ ಹೊಸ ಪಟ ತಂದರು, ತಮ್ಮ ಏರಿಸಿದ. ಅವನಿಗೆ ಆಗ ಸರಿಯಾಗಿ ಮೀಸೆಯೂ ಬಂದಿರಲಿಲ್ಲ. ಆ ಮನೆಯ ಅಕ್ಕಿ, ಔಷಧ, ತಂಗಿಯಂದಿರ ಮದುವೆ ಎಲ್ಲ ಅಕ್ಕನ ಸಂಬಳದಲ್ಲಿ ನಡೆಯುತ್ತಿತ್ತು. ಆದರೂ ಆ ದಿನದಿಂದ ರಜೆಗೆ ಹೋದಾಗ ಆಕೆ ಮಲಗುವ ಕೋಣೆ ಯಾವುದು ಎಂದು ತಮ್ಮ ಹೇಳಬೇಕಿತ್ತು. “ಅಲ್ಲಿ ನಾನು ಬಂದವಳು ಆದೆ. ಇಲ್ಲಿಯೂ ಆಗ್ಲಿಕ್ಕೆ ನನಗೆ ಮನಸ್ಸಿಲ್ಲ,” ಎಂದರು. ಅಷ್ಟೇ. ಅಳಲಿಲ್ಲ, ದನಿಯೂ ಏರಲಿಲ್ಲ.

ಗುರಿಕಾರರು ಪಾದ್ರಿಗಳನ್ನು ಕರೆತರಲಿಲ್ಲ. ವೃದ್ಧ ಪಾದ್ರಿಗಳು ತಾವಾಗಿ ಬರಲೂ ಇಲ್ಲ.

ಮುಂದಿನ ಭಾನುವಾರ ಪೂಜೆ ಮುಗಿಸಿ ಬಂದವರೇ ಬಾಯಮ್ಮ ಇಗರ್ಜಿಗೆ ಉಟ್ಟಿದ್ದ ಸೀರೆಯಲ್ಲೇ ಕೆಲಸಕ್ಕೆ ತೊಡಗಿದರು. ಕೆಂಪುಕಲ್ಲಿನ ಗೋಡೆಗೆ ಬರೀ ಮೊಳೆ ನಿಲ್ಲುವುದಿಲ್ಲ. ಉಳಿಯಿಂದ ತೂತು ಕೊರೆದು, ಮರದ ಗೂಟ ಬಡಿದು, ಗೂಟಕ್ಕೆ ಮೊಳೆ ಹೊಡೆಯಬೇಕು. ಎಲ್ಲವನ್ನೂ ಅವರೇ ಮಾಡಿದರು. ಹೊಸ ಸುಣ್ಣದ ಮೇಲೆ ಕೆಂಪು ಹುಡಿ ಇಳಿಯಿತು. ಪಟ ಎತ್ತಿಕೊಡಲು ನಾನು ಕೈ ಚಾಚಿದೆ.

“ಪಟ ಮುಟ್ಟಬೇಡಿ, ಪೇಪರಿನವರೇ. ಸ್ಟೂಲ್ ಹಿಡೀರಿ, ಸಾಕು. ನಾಳೆ ಊರಿನವರು ನೀವು ಏರಿಸಿದ್ದು ಅಂತಾರೆ.”

ಸ್ಟೂಲ್ ಮಾತ್ರ ಹಿಡಿದೆ. ಪಟ ಗೋಡೆಗೆ ಸೇರಿತು. ಬಾಗಿಲು, ಕಿಟಕಿ ಎರಡನ್ನೂ ತೆರೆದಿಟ್ಟಿದ್ದರು. ಪೂಜೆ ಮುಗಿಸಿ ಮನೆಗೆ ಮರಳುತ್ತಿದ್ದವರು ರಸ್ತೆಯಲ್ಲಿ ನಿಂತು ನೋಡಿದರು. ಯಾರೂ ಒಳಗೆ ಬರಲಿಲ್ಲ. ಬಾಯಮ್ಮ ಕೆಳಗಿಳಿದು ಮೊಣಕಾಲೂರಿ, ಮನೆಯ ಹಿರಿಯ ಹೇಳಬೇಕಾದ ಪ್ರಾರ್ಥನೆಯನ್ನು ರಸ್ತೆಗೆ ಕೇಳುವಂತೆ ಹೇಳಿದರು.

ಇದಕ್ಕೆ ಉತ್ತರ ಅಕ್ಟೋಬರಿನಲ್ಲಿ ಬಂತು. ಆ ತಿಂಗಳು ಯೇಸುವಿನ ಮಾತೆಯ ಪ್ರತಿಮೆ ಸಂಜೆಗೊಂದು ಮನೆಯಂತೆ ವಾಳೆಯಲ್ಲಿ ಸುತ್ತುತ್ತದೆ, ಪ್ರತಿಮೆ ಬಂದ ಮನೆಯಲ್ಲಿ ಎಲ್ಲರೂ ಸೇರಿ ತೇರ್ಸ್, ಅಂದರೆ ಜಪಸರ, ಹೇಳುತ್ತಾರೆ. ಬಾಯಮ್ಮನ ಮನೆಯ ಸರದಿಯ ದಿನ ಪ್ರತಿಮೆ ಆ ಅಂಗಳವನ್ನು ದಾಟಿ ಮುಂದಿನ ಮನೆಗೆ ಹೋಯಿತು. ಆಕೆ ಚಾಪೆ ಹಾಸಿ, ಕೆಂಪು ಬಲ್ಬು ಉರಿಸಿ, ಬೆಲ್ಲದ ಕಾಫಿ ಕಾಸಿಟ್ಟು ಕಾದಿದ್ದರು. ಮೆರವಣಿಗೆ ಹೋದದ್ದನ್ನು ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಒಳಗೆ ಬಂದು, ಒಬ್ಬರೇ ಕೂತು, ಇಡೀ ತೇರ್ಸನ್ನು ಮುಂದಿನ ಮನೆಯವರ ದನಿಗಿಂತ ದೊಡ್ಡ ದನಿಯಲ್ಲಿ ಹೇಳಿದರು.

ಮೀನು ಮಾರಿ ಖಾಲಿ ಬುಟ್ಟಿಯೊಂದಿಗೆ ಹೊರಟಿದ್ದ ಕೆಮ್ಮಣ್ಣು ಊರಿನ ಹೆಂಗಸೊಬ್ಬಳು ಜಗಲಿಯಲ್ಲಿ ನಾನು ಕೂತಿದ್ದ ಕಡೆ ಬಂದು ಕೂತಳು. ಮುಗಿದ ಮೇಲೆ ಕೇಳಿದಳು, “ನಿಮ್ಮ ದೇವರಿಗೆ ಕಿವಿ ಮಂದವಾ ಬಾಯಮ್ಮ? ಕಟಪಾಡಿಗೆ ಕೇಳಿರಬಹುದು.”

“ದೇವರಿಗಲ್ಲ ಮಾರಾಯ್ತಿ, ಗುರಿಕಾರರಿಗೆ.”

ಕಾಫಿ ನಮಗಿಬ್ಬರಿಗೂ ಸಿಕ್ಕಿತು. ಮುಂದಿನ ವರ್ಷಗಳಲ್ಲೂ ಪ್ರತಿಮೆ ಬರಲಿಲ್ಲ. ಚಾಪೆ ಮಾತ್ರ ಪ್ರತಿ ವರ್ಷವೂ ಹಾಸುತ್ತಿದ್ದರು. ಭಾನುವಾರದ ಪೂಜೆಯನ್ನು ಒಮ್ಮೆಯೂ ತಪ್ಪಿಸಲಿಲ್ಲ, ಮುಂದಿನ ಬೆಂಚಿನಲ್ಲೇ ಕೂರುತ್ತಿದ್ದರು ಎಂದು ಕೇಳಿದ್ದೇನೆ. ಗಾಜನ್ನು ವಾರಕ್ಕೊಮ್ಮೆ ಒರೆಸುವಾಗ ಆ ಬೊಟ್ಟಿನ ಸುತ್ತ ಬಟ್ಟೆ ಬಳಸಿ ಹೋಗುತ್ತಿತ್ತು...

ಎಂಬತ್ತರ ದಶಕದ ನಡುವೆ ಆಕೆಯ ಮನೆಗೆ ಕಾಪುವಿನ ಹುಡುಗಿಯೊಬ್ಬಳು ಬಂದಳು. ಬಾಯಮ್ಮ ದುಡಿದ ಆಸ್ಪತ್ರೆಯಲ್ಲೇ ದಾದಿ. ಉಳಿಯಲು ಒಂದು ಕೋಣೆ ಬೇಕಿತ್ತು. ಬಾಯಮ್ಮನಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ತಿಳಿದಾಗ ರಜೆ ಹಾಕಿ ನೋಡಿಕೊಂಡವಳು ಅವಳೇ. ರಕ್ತಸಂಬಂಧ ಇರಲಿಲ್ಲ. ಮನೆಯನ್ನು ಬಾಯಮ್ಮ ಅವಳ ಹೆಸರಿಗೆ ಮಾಡಿದರು. ಆದರೆ ಅದು ಕಚೇರಿಯ ಮಾತು, ಊರಿನ ಮಾತು ಬೇರೆ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಆ ಹೊತ್ತಿಗೆ ಇಗರ್ಜಿಗೆ ಹೊಸ ಪಾದ್ರಿಗಳು ಬಂದಿದ್ದರು, ಕಿರಿಯರು. ಕಾಯಿಲೆಯವರಿಗೆ ಪ್ರಸಾದ ಕೊಡಲು ಒಂದು ಬೆಳಿಗ್ಗೆ ಬಂದರು. ದಾರಿ ತೋರಿಸಲು ಗುರಿಕಾರರೂ ಬಂದಿದ್ದರು. ಅವರಿಗೂ ವಯಸ್ಸಾಗಿತ್ತು, ಕೈಯಲ್ಲಿ ಕೋಲಿತ್ತು. ಬಾಯಮ್ಮನ ಮಂಚವನ್ನು ಚಾವಡಿಗೆ ತಂದಿದ್ದೆವು. ಪ್ರಸಾದ ತೆಗೆದುಕೊಂಡ ಮೇಲೆ ಆಕೆ ಹುಡುಗಿಗೆ ಹೇಳಿದರು, “ಪಟ ಇಳಿಸು.”

ಹುಡುಗಿ ಇಳಿಸಿ ಮಂಚದ ಮೇಲಿಟ್ಟಳು. “ಇದಕ್ಕೆ ತೀರ್ಥ ಬಿದ್ದಿಲ್ಲ, ಫಾದರ್. ಇಷ್ಟು ವರ್ಷ ಕಾದದ್ದು,” ಎಂದರು ಬಾಯಮ್ಮ.

ಪಾದ್ರಿಗಳು ಗುರಿಕಾರರತ್ತ ನೋಡಿದರು. ಗುರಿಕಾರರು ಕಿಟಕಿಯತ್ತ ನೋಡಿದರು. ಪಾದ್ರಿಗಳು ಇನ್ನೇನೂ ಕೇಳದೆ ಪ್ರಾರ್ಥನೆ ಹೇಳಿ ತೀರ್ಥ ಚಿಮುಕಿಸಿದರು. ಕುಂಕುಮ ಕರಗಿ, ಗಾಜಿನ ಮೇಲೆ ಕೆಂಪಾಗಿ ಇಳಿದು, ಚೌಕಟ್ಟಿನ ಅಂಚಿನಲ್ಲಿ ನಿಂತಿತು. ಹುಡುಗಿ ಸೆರಗಿನಿಂದ ಒರೆಸಿದಳು. ಬಾಯಮ್ಮ ಬೇಡ ಎನ್ನಲಿಲ್ಲ.

“ಏರಿಸುವವರು ಯಾರು? ಮನೆಯ ಹಿರಿಯರು?” ಪಾದ್ರಿಗಳು ಕೇಳಿದರು.

“ಇವತ್ತಿನವರೆಗೆ ನಾನು,” ಎಂದರು ಬಾಯಮ್ಮ. “ಇನ್ನು ಇವಳು.”

ಹುಡುಗಿ ಹಿಂದೆ ಸರಿದಳು. “ಬಾಯಿ, ನೀವು ಇರುವಾಗ ನಾನು ಹೇಗೆ...”

“ನಾನು ಇರುವಾಗಲೇ ಏರಿಸಬೇಕು. ನಾನು ಹೋದ ಮೇಲೆ ನಿನ್ನನ್ನು ಸ್ಟೂಲ್ ಹತ್ಲಿಕ್ಕೆ ಬಿಡುವುದಿಲ್ಲ.”

ಅವಳು ಹತ್ತಿದಳು. ಸ್ಟೂಲ್ ಹಿಡಿಯಲು ನಾನು ಬಗ್ಗಿದಾಗ ಇನ್ನೊಂದು ಬದಿಯಲ್ಲಿ ಒಂದು ಮುದಿ ಕೈ ಕಂಡಿತು. ಗುರಿಕಾರರು ಕೋಲನ್ನು ಗೋಡೆಗೆ ಒರಗಿಸಿ ಸ್ಟೂಲ್ ಹಿಡಿದಿದ್ದರು. ಅದನ್ನು ಕ್ಷಮೆ ಎಂದು ಬರೆಯಲು ನನ್ನ ಬಳಿ ಆಧಾರವಿಲ್ಲ. ಹಿಡಿದಿದ್ದರು ಎಂದಷ್ಟೇ ಬರೆಯಬಲ್ಲೆ.

ಆ ತಿಂಗಳು ಮುಗಿಯುವ ಮೊದಲೇ ಬಾಯಮ್ಮ ತೀರಿಕೊಂಡರು. ಶವವನ್ನು ಚಾವಡಿಯಲ್ಲಿ ಪಟದ ಎದುರು ಇಟ್ಟಿದ್ದರು. ಕಾರ್ಕಳದಿಂದ ತಮ್ಮ ಬಂದರು. ಅಕ್ಕನ ಮುಖ ನೋಡಿ ಅತ್ತರು, ನಿಜವಾಗಿಯೇ ಅತ್ತರು. ಕಣ್ಣೊರೆಸಿಕೊಂಡು ತಲೆಯೆತ್ತಿ, ಗಾಜಿನ ಮೇಲೆ ಕುಂಕುಮ ಇಲ್ಲದ್ದು ಕಂಡು, ಪಟ ಮತ್ತೆ ಏರಿಸಿದ್ದು ಯಾರು ಎಂದು ಹುಡುಗಿಯನ್ನು ಕೇಳಿದರು.

“ನಾನು.”

“ಯಾರ ಎದುರು?”

ಅವಳು ಪಾದ್ರಿಗಳನ್ನೂ ಗುರಿಕಾರರನ್ನೂ ತೋರಿಸಿದಳು. ಇಬ್ಬರೂ ಅಲ್ಲಿಯೇ ಇದ್ದರು, ಅಲ್ಲ ಎನ್ನಲಿಲ್ಲ. ತಮ್ಮ ಹೊರಗೆ ಹೋಗಿ, ಬಂದವರ ಜೊತೆ ಬೆಂಚಿನಲ್ಲಿ ಕೂತರು.

ನಾನು ಊರು ಬದಲಿಸಿದೆ. ಹುಡುಗಿ ಆ ಮನೆಯಲ್ಲಿ ಬಹಳ ಕಾಲ ಇದ್ದಳು, ಆ ಅಕ್ಟೋಬರಿನಿಂದಲೇ ಮಾತೆಯ ಪ್ರತಿಮೆ ಅಲ್ಲಿಗೂ ಬಂತು ಎಂದು ಕೇಳಿದೆ. ಹೆದ್ದಾರಿ ಅಗಲವಾದಾಗ ಮನೆ ಹೋಯಿತು. ಅವಳು ಎಲ್ಲಿಗೆ ಹೋದಳು, ಪಟ ಯಾವ ಗೋಡೆಯಲ್ಲಿದೆ ಎಂದು ಕೆಲವರಲ್ಲಿ ವಿಚಾರಿಸಿದ್ದೇನೆ. ಖಚಿತವಾಗಿ ಹೇಳುವವರು ಸಿಗಲಿಲ್ಲ. ಬಾಯಮ್ಮನನ್ನು ಬಲ್ಲವರೇ ಈಗ ಬೆರಳೆಣಿಕೆಯಷ್ಟು...

ನಿನ್ನೆ ಬಸ್ಸು ಉದ್ಯಾವರ ದಾಟುವಾಗ ಹಿಂದಿನ ಸೀಟಿನಲ್ಲಿ ಒಬ್ಬರು ಮೊಮ್ಮಗಳಿಗೆ ಹಳೆಯ ಊರನ್ನು ತೋರಿಸುತ್ತಿದ್ದರು. ಇಲ್ಲಿ ಅಕ್ಕಿಮಿಲ್ಲು ಇತ್ತು, ಅಲ್ಲಿ ದೊಡ್ಡ ಹುಣಸೆಮರ, ಅದರ ಪಕ್ಕದ ಹೆಂಚಿನ ಮನೆ ಕಾರ್ಕಳದ ಪೊರ್ಬುಗಳದ್ದು ಎಂದರು. ಹೇಳುತ್ತಿದ್ದವರ ಪರಿಚಯ ನನಗಿರಲಿಲ್ಲ. ಆದರೂ ತಿರುಗಿ ಕೂತೆ.

“ಪೊರ್ಬುಗಳದ್ದಲ್ಲ,” ಎಂದೆ. “ಬಾಯಮ್ಮನದ್ದು.”