ಫ್ರಿಜ್ಜಿಗಿಂತ ಮುಂಚೆ ಬಂದ ಬೇಳೆ

ಮನೆಗೆ ಸಾಮಾನು ಕೂಡಿಡುವವರಿಗೆ ಮೊದಲು ಒಂದು ಮಾತು: ಎಲ್ಲವನ್ನೂ ಒಂದೇ ಅಂಗಡಿಯಲ್ಲಿ ಕೊಳ್ಳಬೇಡಿ. ಐದು ಕೆ.ಜಿ. ಬೇಳೆ ಕೊಂಡವಳನ್ನು ಯಾರೂ ನೆನಪಿಡುವುದಿಲ್ಲ. ಮೂವತ್ತು ಕೆ.ಜಿ. ಕೊಂಡರೆ, ನಮ್ಮ ನ್ಯಾಮತಿಯಲ್ಲಂತೂ, ಸಂಜೆಯೊಳಗೆ ಮದುವೆ ಯಾರಿಗೆ ಅಂತ ಕೇಳಿಕೊಂಡು ಬರುತ್ತಾರೆ.

ಇದನ್ನೆಲ್ಲ ನಾನು ಓದಿ ಕಲಿತವಳಲ್ಲ. ಸೀರೆ, ನೈಟಿಗಳ ಗಂಟು ಹೊತ್ತು ಬಸವಾಪಟ್ಟಣದಿಂದ ಹಿಡಿದು ಜಗಳೂರಿನ ಆಚೆ ಸೊಕ್ಕೆವರೆಗೂ ಮನೆಮನೆ ತಿರುಗಿ ಮಾರಿದವಳು. ನಮ್ಮ ಯಜಮಾನರು ಖಾಸಗಿ ಬಸ್ಸೊಂದರ ಕಂಡಕ್ಟರು. ಅದೇ ಬಸ್ಸಿನ ಡ್ರೈವರು ನಮ್ಮ ಪಕ್ಕದ ಮನೆಯವರು. ಅವರ ಹೆಂಡತಿ ನನಗಿಂತ ಹತ್ತು ವರ್ಷ ಚಿಕ್ಕವಳು. ಬಾಯಿ ತುಂಬ ಅಕ್ಕ ಅನ್ನುವವಳು.

ಯುಗಾದಿಗೆ ಇನ್ನೊಂದು ತಿಂಗಳಿತ್ತು. ಕಲೆಕ್ಷನ್ ಕೊಡಲು ಹೋದ ನಮ್ಮವರಿಗೆ ಬಸ್ಸಿನ ಮಾಲೀಕರು, "ಹಬ್ಬ ಆದ್ಮೇಲೆ ಬಸ್ಸು ಮಾರ್ತೀನಿ. ಈ ಮಾತು ಹೊರಗೆ ಬಿತ್ತೋ, ನಿನ್ನ ಕೊನೇ ಸಂಬಳ ಮರ್ತುಬಿಡು" ಅಂದರಂತೆ. ಬಸ್ಸಿಗೆ ಜನ ಕಡಿಮೆಯಾಗಿ ವರ್ಷವೇ ಆಗಿತ್ತು. ಮಾತು ಹೊಸದಲ್ಲ, ತಾರೀಖು ಹೊಸದು.

ಮರುದಿನದಿಂದಲೇ ನಾನು ಸಾಮಾನು ಕೂಡಿಡಲು ಶುರುಮಾಡಿದೆ. ಅಕ್ಕಿ ಹೊನ್ನಾಳಿಯಲ್ಲಿ, ಬೇಳೆ ಚನ್ನಗಿರಿಯಲ್ಲಿ, ಎಣ್ಣೆ, ಸೋಪು ಸಿಕ್ಕ ಸಿಕ್ಕಲ್ಲಿ. ಎಲ್ಲವೂ ಸೀರೆಗಂಟಿನೊಳಗೇ ಮನೆ ಸೇರಿದವು.

"ಏನಕ್ಕ, ಈ ಸಲ ಸೀರೆ ಭಾಳ ತೂಕ ಇರಂಗೈತೆ!" ಅಂತ ಪಕ್ಕದ ಮನೆಯವಳು ಬಾಗಿಲಲ್ಲೇ ನಿಂತು ನಕ್ಕಳು.

"ರೇಷ್ಮೆ ಕಣವ್ವ" ಅಂದೆ.

ಆ ವಾರವೇ ಅವಳು ಬಂದು ಕೂತಳು. "ಚೀಟಿ ಎತ್ತೀನಿ ಅಕ್ಕ. ಹಬ್ಬಕ್ಕೆ ಫ್ರಿಜ್ ತರಾಕೆ ಹೊನ್ನಾಳಿಗೆ ಹೋಗಾಣ. ನೀವು ಬರ್ಲಿಲ್ಲ ಅಂದ್ರೆ ಅಂಗಡಿಯೋನು ನನ್ನ ತಲೆ ಬೋಳಿಸಿ ಕಳಿಸ್ತಾನೆ."

ಅವಳ ಗಂಡನೇ ಓಡಿಸುತ್ತಿದ್ದ ಬಸ್ಸಿನಲ್ಲಿ ಹೋದೆವು. ಇಡೀ ದಾರಿ ಅವಳು ಬಣ್ಣದ ಬಗ್ಗೆ ಮಾತಾಡಿದಳು, ಕೆಂಪೋ, ನೀಲಿಯೋ. ಒಂದು ಕಡೆ ನಾನು ಅವಳ ಕೈ ಹಿಡಿದು, "ಈಗ ಬೇಡ ಕಣೆ" ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮವರು ಟಿಕೆಟ್ ಕೊಡುತ್ತ ನಮ್ಮ ಸೀಟಿನ ಹತ್ತಿರ ಬಂದು ನನ್ನ ಮುಖ ನೋಡಿದರು. ಬಾಯಿ ಮುಚ್ಚಿದೆ.

ಅಂಗಡಿಯಲ್ಲಿ ಮಾತ್ರ ಬಾಯಿ ಚೆನ್ನಾಗೇ ತೆರೆಯಿತು. ಚೌಕಾಸಿ ಮಾಡುವಾಗ ಬೇಕಾದ ವಸ್ತುವಿನ ಕಡೆ ನೋಡಬಾರದು, ಅದರ ಪಕ್ಕದ್ದನ್ನು ನೋಡಬೇಕು. ನೋಡಿದೆ. ಎರಡು ಸಲ ಎದ್ದು ಬಾಗಿಲವರೆಗೂ ನಡೆದೆ.

"ಏನ್ರೀ ಅಕ್ಕಾರೆ, ಅಂಗಡೀನೇ ಬರ್ಕೊಟ್ಟುಬಿಡ್ಲಾ?" ಅಂದ ಅಂಗಡಿಯವನು.

"ಬರ್ಕೊಡು. ಅದರಾಗೂ ಸ್ವಲ್ಪ ಬಿಟ್ಟು ಕೊಡು."

ಒಂದೂವರೆ ಸಾವಿರ ಇಳಿಸಿ, ಫ್ರಿಜ್ಜಿನ ಅಡಿಗಿಡುವ ಸ್ಟ್ಯಾಂಡು ಪುಕ್ಕಟೆ ಹಾಕಿಸಿದೆ. ನಾನು ಬೇಡವೆಂದರೂ ಬಿಡದೆ ಅವಳು ನನಗೆ ಮಸಾಲೆ ದೋಸೆ ಕೊಡಿಸಿದಳು. ತಿಂದೆ.

ಹಬ್ಬ ಆದ ಎಂಟನೇ ದಿನ ಬಸ್ಸು ಮಾರಿಹೋಯಿತು. ನಮ್ಮವರ ಸಂಬಳ ಬಂತು. ಆಮೇಲೆ ಇಬ್ಬರು ಗಂಡಸರಿಗೂ ಕೆಲಸ ಸಿಗಲಿಲ್ಲ. ನೈಟಿ ಕೊಳ್ಳುವವರೂ, "ಮುಂದಿನ ತಿಂಗಳು ಬಾರವ್ವ" ಅನ್ನತೊಡಗಿದರು. ಪಕ್ಕದ ಮನೆಯ ಫ್ರಿಜ್ಜಿನಲ್ಲಿ ನೀರಿನ ಬಾಟಲಿ ಬಿಟ್ಟರೆ ಏನೂ ಇರಲಿಲ್ಲ. ಅವಳು ಬಟ್ಟಲು ಹಿಡಿದು ಬೇಳೆಗೆ ಬಂದಾಗಲೆಲ್ಲ ಡಬ್ಬಿಯ ತಳ ಕೆರೆದ ಸದ್ದು ಮಾಡಿ ಅರ್ಧ ಬಟ್ಟಲು ಕೊಡುತ್ತಿದ್ದೆ.

ಮಳೆಗಾಲದಲ್ಲಿ ಬೇಳೆಗೆ ಹುಳ ಬಿತ್ತು. ಹರಳೆಣ್ಣೆ ಸವರದೆ ಬೇಳೆ ಕೂಡಿಡಬೇಡಿ. ಅವಸರದಲ್ಲಿ ನಾನು ಬಿಟ್ಟಿದ್ದೆ. ಬಿಸಿಲು ಕಂಡ ಒಂದು ದಿನ ಹಳೇ ಸೀರೆಗಳ ಮೇಲೆ ಅಷ್ಟನ್ನೂ ಎರಡೂ ಮನೆಗೆ ಸೇರಿದ ತಾರಸಿಯಲ್ಲಿ ಹರವಿದ್ದೆ. ಒಣಗಿದ ಬಟ್ಟೆ ತೆಗೆಯಲು ಅವಳು ಮೇಲೆ ಬಂದಳು. ನೋಡಿದಳು. ಪಕ್ಕದಲ್ಲಿ ಕೂತು ಹುಳ ಆರಿಸತೊಡಗಿದಳು.

"ಯಾವಾಗ ತಂದಿದ್ದಕ್ಕ ಇಷ್ಟೊಂದು?"

"ಯುಗಾದಿಗೆ ಮುಂಚೆ" ಅಂದುಬಿಟ್ಟೆ. ಊರೂರು ಸುತ್ತಿ ಸುಳ್ಳು ಮಾರಿದ ಬಾಯಿಗೆ ಅವತ್ತು ಒಂದೂ ಸಿಗಲಿಲ್ಲ.

ಅವಳ ಬೆರಳುಗಳು ನಿಂತವು. "ಅಂದ್ರೆ ಫ್ರಿಜ್ಜಿಗಿಂತ ಮುಂಚೆ."

"ಬಾಯಿ ಬಿಟ್ಟಿದ್ರೆ ನಮ್ಮೋರ ಕೊನೇ ಸಂಬಳ ನಿಂತೋಗ್ತಿತ್ತು ಕಣವ್ವ."

"ನನ್ ಕಿವ್ಯಾಗೆ ಒಂದ್ ಮಾತು ಹಾಕಾಕೆ ಆಗ್ಲಿಲ್ವಾ? ನಾನೇನ್ ಡಂಗುರ ಹೊಡಿತಿದ್ನಾ?"

ಅವಳು ತನ್ನ ಮುಂದಿದ್ದಷ್ಟು ಬೇಳೆಯನ್ನು ಪೂರ್ತಿ ಆರಿಸಿ, ಬಟ್ಟೆ ತೆಗೆದುಕೊಂಡು ಇಳಿದು ಹೋದಳು. ಸಂಜೆ ಎರಡು ಸೇರು ಬೇಳೆ ಒಯ್ದೆ. ಬಾಗಿಲು ತೆರೆಯಲಿಲ್ಲ. ಒಳಗೆ ಪಾತ್ರೆ ಸದ್ದು ಕೇಳುತ್ತಿತ್ತು.

ಹೋದ ವಾರ ಯಾರೋ ಲಗೇಜ್ ಆಟೋ ತಂದು ಅವಳ ಫ್ರಿಜ್ ಹೇರಿಕೊಂಡು ಹೋದರು. ಅವರು ಕೇಳಿದ ಬೆಲೆಗೇ ಕೊಟ್ಟುಬಿಟ್ಟಳಂತೆ. ಎರಡು ಮಾತಾಡಿದ್ದರೆ ಇನ್ನೆರಡು ಸಾವಿರ ಬರುತ್ತಿತ್ತು. ನಾನು ಕಿಟಕಿಯಲ್ಲೇ ನಿಂತಿದ್ದೆ. ಅವಳು ಕರೆಯಲಿಲ್ಲ.