ಇಲ್ಲದ ಗಂಡುಮಕ್ಕಳು

ಇವತ್ತು ಬೆಳಿಗ್ಗೆ ಕಿಬ್ಬನಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಬಣ್ಣದ ವಾಸನೆ ಬಂತು. ಪೇಂಟರ್ ಒಬ್ಬ ಅಂಗಡಿಯ ಬೋರ್ಡಿನ ಹಳೆಯ ಹೆಸರಿನ ಮೇಲೆ ಬಿಳಿ ಬಳಿದು, ಟೀ ಕುಡಿದು ಬಂದು, ನನ್ನ ಬಸ್ಸು ಬರುವುದರೊಳಗೆ ಹೊಸ ಹೆಸರು ಬರೆದು ಏಣಿ ಇಳಿದುಬಿಟ್ಟ. ನನಗೆ ಹೊಟ್ಟೆ ಉರಿಯಿತು. ನಗಬೇಡಿ. ತಿಪಟೂರಿನ ಮಂಡಿಗಳ ಸಾಫ್ಟ್‌ವೇರ್ ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು ನಾನು. ಒಂದು ಹೆಸರು ಬದಲಾಯಿಸಲು ಪಟ್ಟ ಪಾಡು ಕೇಳಿದರೆ ನಿಮಗೂ ಆ ಪೇಂಟರನ ಮೇಲೆ ಸಿಟ್ಟು ಬರುತ್ತದೆ.

ರುದ್ರಯ್ಯನವರ ಕೊಬ್ಬರಿ ಮಂಡಿಯ ಹೆಸರು 'ರುದ್ರಯ್ಯ ಅಂಡ್ ಸನ್ಸ್'. ಅವರಿಗೆ ಗಂಡುಮಕ್ಕಳೇ ಇಲ್ಲ. ಮಂಡಿ ತೆರೆದಾಗ ಮದುವೆಯೂ ಆಗಿರಲಿಲ್ಲವಂತೆ; ಬೋರ್ಡಿನಲ್ಲಿ ಜಾಗ ಮಿಕ್ಕಿತ್ತು, ಬರೆಸಿದರು. ಆಮೇಲೆ ಹುಟ್ಟಿದವಳು ಗಿರಿಜಾ ಒಬ್ಬಳೇ. ಮಂಡಿ ನಡೆಸುತ್ತಿದ್ದವಳೂ ಅವಳೇ. ಆದರೂ ರೈತರು ಬಂದವರೇ "ಯಜಮಾನ್ರಿಲ್ವೇನಮ್ಮ?" ಎಂದು ಅವಳ ತಲೆಯ ಮೇಲಿಂದ ಒಳಕ್ಕೆ ಇಣುಕುತ್ತಿದ್ದರು. ಒಂದು ದಿನ ಅವಳು ನನ್ನನ್ನು ಕರೆಸಿ, "ತೂಕದ ಚೀಟೀಲಿ ಸನ್ಸ್ ತೆಗ್ದು ಡಾಟರ್ ಅಂತ ಹಾಕ್ಕೊಡಿ ಅಣ್ಣ. ಆಗ್ಲಾದ್ರೂ ನನ್ ಜೊತೆ ಮಾತಾಡ್ತಾರೆ" ಎಂದಳು. "ಐದು ನಿಮಿಷದ ಕೆಲ್ಸ ಕಣಮ್ಮ" ಎಂದೆ. ನಮ್ಮ ಕಸುಬಿನಲ್ಲಿ ಈ ಮಾತಾಡಿದವನಿಗೆ ಅಂದು ಊಟ ಸೇರುವುದಿಲ್ಲ.

ಆ ಸಾಫ್ಟ್‌ವೇರ್ ಬರೆದವನು ರುದ್ರಯ್ಯನವರ ಷಡ್ಡಕನ ಮಗ. ಹೆಸರನ್ನು ಒಂದು ಕಡೆ ಬರೆದಿಟ್ಟು, ಬೇಕಾದಾಗ ಅಲ್ಲಿಂದ ಕರೆಸಿಕೊಳ್ಳುವುದು ಮರ್ಯಾದಸ್ಥರ ಪದ್ಧತಿ. ಈ ಪುಣ್ಯಾತ್ಮ ಕಂಡಕಂಡಲ್ಲಿ ಬರೆದಿದ್ದ. ಚೀಟಿಯಲ್ಲಿ ತೆಗೆದರೆ ಮೂಟೆಯ ಲೇಬಲ್ಲಿನಲ್ಲಿ, ಅಲ್ಲಿ ತೆಗೆದರೆ ರೈತರಿಗೆ ಹೋಗುವ ಮೆಸೇಜಿನಲ್ಲಿ, ಹುಟ್ಟದೇ ಇದ್ದ ಗಂಡುಮಕ್ಕಳು ತಲೆ ಎತ್ತುತ್ತಿದ್ದರು. ಒಂದು ಕಡೆಯಂತೂ "ಇದು ಹೇಗೆ ನಡೆಯುತ್ತಿದೆಯೋ ಗೊತ್ತಿಲ್ಲ, ಮುಟ್ಟಬೇಡಿ" ಎಂದು ಬರೆದಿಟ್ಟಿದ್ದ. ನಾನು ಮುಟ್ಟಿದೆ.

ಹರಾಜಿನ ದಿನ ಹುಳಿಯಾರು ಕಡೆಯ ರೈತರೊಬ್ಬರು ಹೊಸ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಹೆಸ್ರು ಚೆಂದಾಗೈತೆ ಕಣವ್ವ. ತೂಕ ಎಲ್ಲೋಯ್ತು?" ತೂಕ ಎಲ್ಲಿ ಅಚ್ಚಾಗಬೇಕೆಂಬುದನ್ನು ಸಾಫ್ಟ್‌ವೇರ್ ಬರೆದ ಆ ಮಹಾಶಯ 'ಸನ್ಸ್'ನ ಅಕ್ಷರ ಎಣಿಸಿ ಗೊತ್ತುಮಾಡಿದ್ದ! ಅದಕ್ಕಿಂತ ಉದ್ದದ ಡಾಟರ್ ಒಳಗೆ ಬಂದಳು, ತೂಕ ಕಾಗದದಿಂದಾಚೆ ಬಿತ್ತು.

ಮಂಡಿಯ ತುಂಬ ಗದ್ದಲ. "ಮೊದ್ಲಿನಂಗೇ ಇರ್ಲಿ ಬುಡಪ್ಪ, ಒಂದ್ ಹೆಸ್ರಿಗೆ ಯಾಕಿಷ್ಟು ತಾಪತ್ರಯ" ಎಂದರು ರುದ್ರಯ್ಯನವರು. ನಿಜ ಹೇಳಬೇಕೆಂದರೆ ನನಗೂ ಹಾಯೆನಿಸಿತು. ಗಿರಿಜಾ ಮಾತ್ರ ಚೀಟಿಯನ್ನು ಕೈಯಲ್ಲೇ ಹಿಡಿದು, "ಹುಟ್ದೇ ಇರೋರ್ಗೆ ಅಷ್ಟೊಂದು ಕಡೆ ಜಾಗ ಐತೆ. ನಂಗೆ ಒಂದ್ ಕಡೆ ಇಲ್ವಾ ಅಪ್ಪಾಜಿ?" ಎಂದಳು. ನನಗೆ ಸಂಕಟವಾಯಿತು.

ತೇಪೆ ಹಚ್ಚುವುದನ್ನು ಬಿಟ್ಟು, ಬುಡದಿಂದ ಹೊಸದಾಗಿ ಬರೆಯಲು ಕುಳಿತೆ. ತಿಂಗಳುಗಟ್ಟಲೆ ಹಿಡಿಯಿತು. "ಒಂದು ಹೆಸರು ಬರೆಯೋಕೆ ಇಷ್ಟು ದಿನ ಬೇಕೇನ್ರೀ?" ಎಂದು ಹೆಂಡತಿ ಹಂಗಿಸಿದಳು. ಈ ಸಲ ಹೆಸರು ಇದ್ದದ್ದು ಒಂದೇ ಕಡೆ. ಚೀಟಿಯಲ್ಲಿ ಡಾಟರೂ ಬಂದಳು, ತೂಕವೂ ಬಂತು. ಯಜಮಾನರನ್ನು ಕೇಳಿಕೊಂಡು ಬರುವವರು ಈಗಲೂ ಇದ್ದಾರೆ. ಗಿರಿಜಾ ಚೀಟಿಯನ್ನು ಮುಂದಕ್ಕೆ ತಳ್ಳುತ್ತಾಳೆ.

ಇವತ್ತು ಬಸ್ಸು ಹತ್ತಿ ಕೂತೆನೋ ಇಲ್ಲವೋ, ರುದ್ರಯ್ಯನವರ ಫೋನು.

"ಹೆಸ್ರು ಇನ್ನೊಂದ್ ಸತಿ ಬದ್ಲಾಯಿಸ್ಬೇಕು ಕಣಪ್ಪ. 'ಗಿರಿಜಾ ಅಂಡ್ ಫಾದರ್' ಅಂತ. ಅವ್ಳಿಗೆ ಹೇಳಿಲ್ಲ. ಎಷ್ಟ್ ತಿಂಗ್ಳು ಬೇಕಾಯ್ತದೆ?"

"ಫೋನ್ ಇಡಬೇಡಿ" ಎಂದು ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದೆ. ಬಸ್ಸು ಊರು ದಾಟುವ ಮೊದಲೇ, "ಒಂದು ಚೀಟಿ ತೆಗೀರಿ" ಎಂದೆ. ಆ ಕಡೆ ಪ್ರಿಂಟರಿನ ಸದ್ದು ಕೇಳಿಸಿತು. ಆಮೇಲೆ ಅವರ ದನಿ: "ಗಿರಿಜಾ, ಇಲ್ ಬಾರವ್ವ. ಇದ್ರಲ್ಲಿ ಏನ್ ಬರ್ದೈತೆ, ಜೋರಾಗಿ ಓದು. ನನ್ ಕನ್ನಡ್ಕ ಎಲ್ಲೋಯ್ತೋ ಕಾಣೆ."